ಸೀ ಬಾಸ್ ಹ್ಯಾಚರಿಯಲ್ಲಿ ರೋಟಿಫರ್, ಆರ್ಟೀಮಿಯಾಗಳ ಖನಿಜ ಕೊರತೆ ಸರಿಪಡಿಸುವುದು ಹೇಗೆ?

ಉಡುಪಿ, ಉತ್ತರ ಕನ್ನಡದ ಅಳಿವೆಗಳಲ್ಲಿ ಪಂಜರ ಕಟ್ಟಿ ಸೀ ಬಾಸ್ ಸಾಕುವವರು ಮರಿ ಕೊಳ್ಳುವಾಗ ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ: ಮರಿ ಎಷ್ಟು ಇಂಚು ಬಂದಿದೆ, ಬೆನ್ನು ನೆಟ್ಟಗಿದೆಯೇ. ಬೆನ್ನು ನೆಟ್ಟಗಿರುವುದು ಬಹುಮಟ್ಟಿಗೆ ತೀರ್ಮಾನವಾಗುವುದು ಪಂಜರಕ್ಕೆ ಬರುವ ಎಷ್ಟೋ ಮೊದಲು, ಹ್ಯಾಚರಿಯ ತೊಟ್ಟಿಯಲ್ಲಿ, ಮರಿ ಬಾಯಿ ಬಿಟ್ಟ ಮೊದಲ ಮೂರು ವಾರಗಳಲ್ಲಿ. ಆ ಮೂರು ವಾರ ಅದರ ಊಟ ಎಂದರೆ ಮೊದಲು ರೋಟಿಫರ್ ಎಂಬ ಅತಿ ಸಣ್ಣ ನೀರಜೀವಿ, ಆಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ.

ಚೆನ್ನೈನ ಕೇಂದ್ರೀಯ ಸಿಹಿ-ಉಪ್ಪುನೀರು ಜಲಕೃಷಿ ಸಂಸ್ಥೆ, ಅಂದರೆ ಸಿಬಾ, 1997ರಲ್ಲಿ ಸೀ ಬಾಸ್ ಅನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿತು. ಅಲ್ಲಿಂದ ಈಚೆಗೆ ನಮ್ಮ ಹ್ಯಾಚರಿಗಳಲ್ಲಿ ಒಂದು ಪಾಠ ಚೆನ್ನಾಗಿ ನೆಲೆಯೂರಿದೆ: ರೋಟಿಫರ್‌ಗೆ ಒಳ್ಳೆಯ ಕೊಬ್ಬು ಉಣಿಸಬೇಕು, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ತುಂಬಿಸಬೇಕು. ನೀರಿನಲ್ಲಿ ಬೆರೆಯುವಂತೆ ಮಾಡಿದ ಕೊಬ್ಬಿನ ಎಮಲ್ಷನ್ ಇಲ್ಲದ ಹ್ಯಾಚರಿ ಇಂದು ಸಿಗುವುದು ಕಷ್ಟ. ಖನಿಜದ ಮಾತು ಬಂದಾಗ ಮಾತ್ರ ‘ಸಮುದ್ರದ ನೀರಲ್ಲಿ ಎಲ್ಲಾ ಇದೆಯಲ್ಲ’ ಎಂದು ಬಿಟ್ಟುಬಿಡುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧಕ್ಕೆ ಏನು ಮಾಡಬೇಕು ಎಂಬುದನ್ನು ಹ್ಯಾಚರಿಯಲ್ಲಿ ಕೈಯಾರೆ ಕೆಲಸ ಮಾಡುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೂಕ್ಷ್ಮದರ್ಶಕ, ತಕ್ಕಡಿ, ಬೋಲ್ಟಿಂಗ್ ಬಟ್ಟೆಯ ಜರಡಿ ಇದ್ದು, ಮಾದರಿ ಕಳಿಸಲು ಒಂದು ಪ್ರಯೋಗಾಲಯ ಸಿಕ್ಕಿದರೆ ಇದಿಷ್ಟನ್ನೂ ಮಾಡಬಹುದು.

ಕೊರತೆ ಯಾವುದರಲ್ಲಿ?

ಸಮುದ್ರದಲ್ಲಿ ಮೀನುಮರಿಯ ಸಹಜ ಊಟ ಕೋಪೆಪಾಡ್ ಎಂಬ ಸಣ್ಣ ಕಠಿಣಚರ್ಮಿ ಮತ್ತು ಅದರ ಮರಿಗಳು. ನಾರ್ವೆಯ ಬರ್ಗೆನ್‌ನ ಸಂಶೋಧಕರು ಕಾಡ್ ಮತ್ತು ಹ್ಯಾಲಿಬಟ್ ಎಂಬ ಸಮುದ್ರ ಮೀನುಗಳ ಮರಿಗಳಿಗಾಗಿ ಕೋಪೆಪಾಡ್ ಮತ್ತು ರೋಟಿಫರ್‌ಗಳನ್ನು ಅಕ್ಕಪಕ್ಕ ಇಟ್ಟು ಅಳೆದಿದ್ದಾರೆ. ಒಂದು ಕಿಲೋ ಒಣತೂಕದ ಲೆಕ್ಕದಲ್ಲಿ ಕೋಪೆಪಾಡ್‌ನಲ್ಲಿ ಸೆಲೆನಿಯಂ 3ರಿಂದ 5 ಮಿಲಿಗ್ರಾಂ. ಏನೂ ಸೇರಿಸದ ರೋಟಿಫರ್‌ನಲ್ಲಿ 0.1 ಮಿಲಿಗ್ರಾಂ ಕೂಡ ಇರಲಿಲ್ಲ. ಸತು ಕೋಪೆಪಾಡ್‌ನಲ್ಲಿ 340ಕ್ಕೂ ಮೇಲೆ, ರೋಟಿಫರ್‌ನಲ್ಲಿ 60ರ ಆಸುಪಾಸು. ಮ್ಯಾಂಗನೀಸ್ ಕೋಪೆಪಾಡ್‌ನಲ್ಲಿ 8ರಿಂದ 25, ರೋಟಿಫರ್‌ನಲ್ಲಿ ಸುಮಾರು 5. ಅಯೋಡಿನ್ ಕೋಪೆಪಾಡ್‌ನಲ್ಲಿ 50ರಿಂದ 350, ರೋಟಿಫರ್‌ನಲ್ಲಿ ಒಂದಂಕಿ ಮಾತ್ರ.

ಈ ಅಂಕಿಗಳನ್ನು ನೋಡಿದ ಕೂಡಲೇ ರೋಟಿಫರ್ ಅನ್ನು ಕೋಪೆಪಾಡ್ ಮಟ್ಟಕ್ಕೆ ಏರಿಸೋಣ ಎನಿಸುವುದು ಸಹಜ. ದಯವಿಟ್ಟು ಅವಸರ ಬೇಡ. ಕೋಪೆಪಾಡ್‌ನಲ್ಲಿ ಇರುವುದೆಲ್ಲ ಮರಿಗೆ ಬೇಕಾದದ್ದೇ ಎನ್ನಲಾಗದು. ಅದರ ಮೈಯಲ್ಲಿರುವ ಖನಿಜವೆಲ್ಲ ಮರಿಯ ಕರುಳಿನಲ್ಲಿ ಹೀರಿಕೆಯಾಗುತ್ತದೆ ಎಂದೂ ಇಲ್ಲ. ಇನ್ನೊಂದು ಅಳತೆಗೋಲನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ: ಬೆಳೆದ ಮೀನಿನ ಅಗತ್ಯ. ಟ್ರೌಟ್, ಕ್ಯಾಟ್‌ಫಿಶ್‌ಗಳ ಆಹಾರದಲ್ಲಿ ಸೆಲೆನಿಯಂ ಕಿಲೋಗೆ 0.15ರಿಂದ 0.4 ಮಿಲಿಗ್ರಾಂ ಬೇಕು, ಮ್ಯಾಂಗನೀಸ್ ಟ್ರೌಟ್‌ಗೆ 12-13, ಸತು 15ರಿಂದ 30. ಈ ಕೋಲಿನಲ್ಲಿ ಅಳೆದರೆ ರೋಟಿಫರ್‌ನ ಸತು ಸಾಕಾಗುತ್ತದೆ, ಸೆಲೆನಿಯಂ ಮತ್ತು ಮ್ಯಾಂಗನೀಸ್ ಸಾಲುವುದಿಲ್ಲ. ಎರಡೂ ಕೋಲಿನಲ್ಲಿ ಸೋಲುವ ಸೆಲೆನಿಯಂನಿಂದಲೇ ಕೆಲಸ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ಯಾಲ್ಸಿಯಂ, ಮೆಗ್ನೀಸಿಯಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಮುದ್ರದ ಮರಿ ನೀರು ಕುಡಿಯುತ್ತದೆ, ಅವು ಅಲ್ಲಿಂದಲೇ ಸಿಗುತ್ತವೆ. ರಂಜಕ ರೋಟಿಫರ್‌ನಲ್ಲೂ ಆರ್ಟೀಮಿಯಾದಲ್ಲೂ ಬೇಕಾದಷ್ಟಿದೆ.

ರೋಟಿಫರ್‌ನಲ್ಲಿ ಸೆಲೆನಿಯಂ ಯಾಕಿಲ್ಲ ಎಂದರೆ ಅದರ ಊಟದಲ್ಲೇ ಇಲ್ಲ. ಬೇಕರಿ ಯೀಸ್ಟ್‌ನಲ್ಲಿ ಅದು ಅತ್ಯಲ್ಪ. ರೋಟಿಫರ್‌ಗೆ ಉಣಿಸುವ ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿ ಬೆಳೆಸಲು ನಾವು ಬಳಸುವ ಕಾನ್ವೇ ಮಾಧ್ಯಮ ಎಂಬ ಪೋಷಕ ದ್ರಾವಣದಲ್ಲಿ ಸತು, ತಾಮ್ರ, ಕೋಬಾಲ್ಟ್, ಮ್ಯಾಂಗನೀಸ್ ಇವೆ. ಸೆಲೆನಿಯಂ, ಅಯೋಡಿನ್ ಇಲ್ಲ. ಹೊರಗಿನ ದೊಡ್ಡ ತೊಟ್ಟಿಗಳಿಗೆ ಅಮೋನಿಯಂ ಸಲ್ಫೇಟ್, ಸೂಪರ್ ಫಾಸ್ಫೇಟ್, ಯೂರಿಯಾ ಹಾಕುವವರ ಪಾಚಿಯಲ್ಲಂತೂ ನೀರಿನಿಂದ ಬಂದದ್ದಷ್ಟೇ ಇರುತ್ತದೆ.

ಖನಿಜವನ್ನು ದೂರುವ ಮೊದಲು

ಮರಿಯ ಬೆನ್ನು ಡೊಂಕಾಗಿದೆ ಎಂದ ಮಾತ್ರಕ್ಕೆ ಖನಿಜದ ಕೊರತೆ ಎನ್ನಲು ಬರುವುದಿಲ್ಲ. ಮೊದಲು ಗಾಳಿಚೀಲ ನೋಡಿ. ಬಾಯಿ ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಮರಿ ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗಿ ಚೀಲ ತುಂಬಿಕೊಳ್ಳಬೇಕು. ಎಮಲ್ಷನ್‌ನ ಎಣ್ಣೆಯೇ ಮೇಲೆ ಪದರವಾಗಿ ನಿಂತರೆ ಅದಕ್ಕೆ ಗಾಳಿ ಸಿಗದು. ಚೀಲ ತುಂಬದ ಮರಿ ತಲೆ ಮೇಲೆ ಮಾಡಿ ಒದ್ದಾಡಿ ಈಜುತ್ತದೆ, ಆ ಒದ್ದಾಟದಲ್ಲೇ ಬೆನ್ನು ಒಳಕ್ಕೆ ಬಾಗುತ್ತದೆ. ಇಂಥ ಬಾಗನ್ನು ಎಷ್ಟು ಸೆಲೆನಿಯಂ ಹಾಕಿದರೂ ಸರಿಪಡಿಸಲಾಗದು. ಇಪ್ಪತ್ತು ಮೂವತ್ತು ಮರಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬೆನ್ನುಮೂಳೆಯ ಕೆಳಗೆ ಹೊಳೆಯುವ ಗುಳ್ಳೆ ಇದೆಯೇ ಎಂದು ಎಣಿಸಿ. ತುಂಬಾ ಮರಿಗಳಲ್ಲಿ ಇಲ್ಲವೆಂದಾದರೆ ಮೇಲ್ಮೈಯ ಎಣ್ಣೆ ತೆಗೆಯುವ ಸ್ಕಿಮ್ಮರ್ ಹಾಕುವುದೇ ನಿಮ್ಮ ಮೊದಲ ಕೆಲಸ.

ಮರಿಗಳು ಬಣ್ಣ ಕಪ್ಪಾಗಿ, ಸುರುಳಿ ಸುತ್ತುತ್ತಾ ಒಮ್ಮೆಲೇ ಸಾಯುತ್ತಿದ್ದರೆ ನರಗಳಿಗೆ ತಗಲುವ ನೋಡಾ ವೈರಸ್ ಬಗ್ಗೆ ಪರೀಕ್ಷೆ ಮಾಡಿಸಿ. ಸೀ ಬಾಸ್ ಮರಿಗೆ ಅದು ಮಾರಕ. ಡಿಎಚ್‌ಎ ಸರಿಯಾಗಿ ತುಂಬುತ್ತಿದೆಯೇ, ಸಾಂದ್ರತೆ ಹೆಚ್ಚಾಗಿದೆಯೇ ಎಂದೂ ನೋಡಿ. ಇವೆಲ್ಲ ಸರಿಯಿದ್ದೂ ಬದುಕುಳಿಯುವ ಪ್ರಮಾಣ ಏರದಿದ್ದರೆ ಅಥವಾ ಮೂಳೆಯ ದೋಷ ಉಳಿದರೆ ಮುಂದಿನ ಹೆಜ್ಜೆಗೆ ಬನ್ನಿ.

ರೋಟಿಫರ್ ಅನ್ನು ಅಳೆಸಿ

ಅಳೆಯದೆ ಖನಿಜ ಹಾಕುವುದು ಅಪಾಯ. ಸೆಲೆನಿಯಂನಲ್ಲಿ ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವಿನ ಅಂತರ ಬಹಳ ಕಿರಿದು.

ಮಾದರಿ ತೆಗೆಯುವ ಕ್ರಮ ಹೀಗಿರಲಿ. ಎಮಲ್ಷನ್ ಕುಡಿಸಿ ಮುಗಿದ ರೋಟಿಫರ್ ಅನ್ನು, ಮರಿ ತೊಟ್ಟಿಗೆ ಹಾಕುವ ಹೊತ್ತಿಗೇ, 50-60 ಮೈಕ್ರಾನ್ ಜರಡಿಯಲ್ಲಿ ಹಿಡಿಯಿರಿ. ಶುದ್ಧ ಸಮುದ್ರದ ನೀರಿನಲ್ಲಿ ಚೆನ್ನಾಗಿ ತೊಳೆದು ಕೊನೆಗೆ ಕ್ಷಣಮಾತ್ರ ಡಿಸ್ಟಿಲ್ಡ್ ನೀರು ಹಾಯಿಸಿ, ಇಲ್ಲದಿದ್ದರೆ ಉಪ್ಪಿನ ತೂಕವೇ ಲೆಕ್ಕ ಕೆಡಿಸುತ್ತದೆ. ಜರಡಿಯ ಕೆಳಗಿನಿಂದ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೂಡಲೇ ಫ್ರೀಜ್ ಮಾಡಿ. ಲೋಹದ ಚಮಚ ಮುಟ್ಟಿಸಬೇಡಿ. ಒಂದು ರೋಟಿಫರ್‌ನ ಒಣತೂಕ ಅರ್ಧ ಮೈಕ್ರೋಗ್ರಾಂ ಕೂಡ ಇರುವುದಿಲ್ಲ. ಒಂದು ಗ್ರಾಂ ಒಣ ಮಾದರಿಗೆ 20 ಲಕ್ಷಕ್ಕೂ ಹೆಚ್ಚು ರೋಟಿಫರ್ ಬೇಕು ಎಂಬುದು ನೆನಪಿರಲಿ. ಬೇರೆ ಬೇರೆ ದಿನಗಳ ಮೂರು ಮಾದರಿ ಇದ್ದರೆ ಒಳ್ಳೆಯದು.

ಪ್ರಯೋಗಾಲಯಕ್ಕೆ ಕೊಡುವಾಗ ಐಸಿಪಿ-ಎಂಎಸ್ ಯಂತ್ರದಲ್ಲಿ ಸೆಲೆನಿಯಂ, ಸತು, ಮ್ಯಾಂಗನೀಸ್, ತಾಮ್ರ ಕೇಳಿ. ಅಯೋಡಿನ್ ಬೇಕಿದ್ದರೆ ಪ್ರತ್ಯೇಕವಾಗಿ ಹೇಳಲೇಬೇಕು. ಮಾಮೂಲಿನಂತೆ ಆಮ್ಲದಲ್ಲಿ ಕರಗಿಸಿದರೆ ಅಯೋಡಿನ್ ಆವಿಯಾಗಿ ಹೋಗುತ್ತದೆ. ಕ್ಷಾರದಲ್ಲಿ ತೆಗೆದು ಅಳೆಯಬೇಕು. ಇದನ್ನು ಹೇಳದೆ ಬಂದ ವರದಿಯಲ್ಲಿ ಅಯೋಡಿನ್ ಸೊನ್ನೆ ಎಂದಿದ್ದರೆ ನಂಬಬೇಡಿ. ಫಲಿತಾಂಶ ಒಣತೂಕದ ಲೆಕ್ಕದಲ್ಲಿ ಇದೆಯೋ ಹಸಿತೂಕದಲ್ಲೋ ಎಂದೂ ಖಚಿತಪಡಿಸಿಕೊಳ್ಳಿ. ಈ ಒಂದು ಗೊಂದಲದಿಂದ ಪ್ರಮಾಣ ಹತ್ತು ಪಟ್ಟು ತಪ್ಪಬಹುದು.

ಸೆಲೆನಿಯಂ: ಯೀಸ್ಟ್ ಮೂಲಕ ಮಾತ್ರ

ಸೆಲೆನಿಯಂ ಏನು ಮಾಡುತ್ತದೆ? ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ತಿರುಳೇ ಅದು. ಕೊಬ್ಬು ಮೈಯೊಳಗೆ ಕಮಟು ಹಿಡಿಯದಂತೆ ಕಾಯುವುದು ಆ ಕಿಣ್ವದ ಕೆಲಸ, ವಿಟಮಿನ್ ಇ ಅದರ ಜೊತೆಗಾರ. ಹಾಗಾಗಿ ನಾವು ರೋಟಿಫರ್‌ಗೆ ಡಿಎಚ್‌ಎ ತುಂಬಿದಷ್ಟೂ ಮರಿಗೆ ಸೆಲೆನಿಯಂ ಬೇಡಿಕೆ ಏರುತ್ತದೆ. ಕ್ಯಾನರಿ ದ್ವೀಪದ ಸಂಶೋಧಕರು ಯುರೋಪಿನ ಸೀ ಬಾಸ್ ಮರಿಗಳಿಗೆ ಡಿಎಚ್‌ಎ ಹೆಚ್ಚಿರುವ ಪುಡಿ ಆಹಾರ ಕೊಟ್ಟಾಗ ಸ್ನಾಯುಗಳಲ್ಲಿ ಗಾಯ ಕಂಡಿತು. ಸೆಲೆನಿಯಂ ಸೇರಿಸಿದಾಗ ಆ ಗಾಯ ಕಡಿಮೆಯಾಯಿತು. ಅದು ನಮ್ಮ ಸೀ ಬಾಸ್‌ಗಿಂತ ಬೇರೆ ಜಾತಿಯ ಮೀನು, ಆದರೂ ಕಿಣ್ವದ ಕೆಲಸ ಎರಡರಲ್ಲೂ ಒಂದೇ. ನಾರ್ವೆಯಲ್ಲಿ ಸೆಲೆನಿಯಂ ಮತ್ತು ಅಯೋಡಿನ್ ಎರಡನ್ನೂ ತುಂಬಿದ ರೋಟಿಫರ್ ತಿಂದ ಕಾಡ್ ಮರಿಗಳು ಹೆಚ್ಚು ಬದುಕುಳಿದವು ಎಂಬ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಸೋಡಿಯಂ ಸೆಲೆನೈಟ್ ಅನ್ನು ನೀರಿಗೆ ಕರಗಿಸಿ ಹಾಕುವ ದಾರಿಯೂ ಇದೆ. ಹ್ಯಾಚರಿಯವರಿಗೆ ನಾನು ಅದನ್ನು ಹೇಳುವುದಿಲ್ಲ. ಅದು ವಿಷ, ಕೈ ತಪ್ಪಿದರೆ ಮನುಷ್ಯರಿಗೂ ಅಪಾಯ. ರೋಟಿಫರ್ ಸೋಸಿ ತಿನ್ನುವ ಜೀವಿ, ಕಣವಾಗಿ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಕೋಳಿ ಆಹಾರಕ್ಕೆಂದು ಮಾರುವ ಸೆಲೆನಿಯಂ ಯೀಸ್ಟ್ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಅದರಲ್ಲಿ ಸೆಲೆನಿಯಂ ಬಹುಪಾಲು ಅಮೈನೋ ಆಮ್ಲದ ರೂಪದಲ್ಲಿರುವುದರಿಂದ ರೋಟಿಫರ್‌ನ ಮೈಯ ಪ್ರೋಟೀನಿನಲ್ಲೇ ಸೇರಿಕೊಳ್ಳುತ್ತದೆ. ಚೀಲದ ಮೇಲೆ ಸೆಲೆನಿಯಂ ಎಷ್ಟು ಪಿಪಿಎಂ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ 2,000.

ಲೆಕ್ಕ ಹೀಗೆ. 2,000 ಪಿಪಿಎಂ ಎಂದರೆ ಒಂದು ಗ್ರಾಂನಲ್ಲಿ 2 ಮಿಲಿಗ್ರಾಂ ಸೆಲೆನಿಯಂ. ಒಂದು ಕಿಲೋ ರೋಟಿಫರ್ ಆಹಾರಕ್ಕೆ ಇದರ ಒಂದು ಗ್ರಾಂ ಸೇರಿದರೆ ಆಹಾರದಲ್ಲಿ ಕಿಲೋಗೆ 2 ಮಿಲಿಗ್ರಾಂ ಆಯಿತು. ಆದರೆ ದಿನಕ್ಕೆ 100 ಗ್ರಾಂ ಒಣ ಆಹಾರ ಹಾಕುವ ತೊಟ್ಟಿಗೆ 0.1 ಗ್ರಾಂ ತೂಗುವುದು ಹ್ಯಾಚರಿಯ ತಕ್ಕಡಿಯ ಕೆಲಸವಲ್ಲ. ಅದಕ್ಕೇ ಮೊದಲು ಒಂದು ಮಿಶ್ರಣ ಮಾಡಿಟ್ಟುಕೊಳ್ಳಿ: 10 ಗ್ರಾಂ ಸೆಲೆನಿಯಂ ಯೀಸ್ಟ್, 990 ಗ್ರಾಂ ಒಣ ಬೇಕರಿ ಯೀಸ್ಟ್. ಎರಡನ್ನೂ ಒಂದೇ ಸಲ ಸುರಿದು ಕಲಸಬೇಡಿ. 10 ಗ್ರಾಂಗೆ ಮೊದಲು 10 ಗ್ರಾಂ ಬೇಕರಿ ಯೀಸ್ಟ್ ಸೇರಿಸಿ ಕಲಸಿ, ಆಮೇಲೆ 20, ಆಮೇಲೆ 40, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಈ ಮಿಶ್ರಣದಲ್ಲಿ ಕಿಲೋಗೆ 20 ಮಿಲಿಗ್ರಾಂ ಸೆಲೆನಿಯಂ ಇರುತ್ತದೆ. ದಿನದ 100 ಗ್ರಾಂ ಆಹಾರದಲ್ಲಿ 10 ಗ್ರಾಂ ಈ ಮಿಶ್ರಣ, 90 ಗ್ರಾಂ ಮಾಮೂಲು ಆಹಾರ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು, ತಾರೀಕು ಬರೆದು ಬೇರೆ ಕಪಾಟಿನಲ್ಲಿಡಿ.

ಒಣ ಯೀಸ್ಟ್ ನೀರಿಗೆ ಬಿದ್ದರೆ ಮುದ್ದೆ ಕಟ್ಟುತ್ತದೆ. ಯೀಸ್ಟ್ ಕೋಶ ಐದಾರು ಮೈಕ್ರಾನ್, ಅದನ್ನು ರೋಟಿಫರ್ ಸಲೀಸಾಗಿ ನುಂಗುತ್ತದೆ. ಮುದ್ದೆಯನ್ನು ಮುಟ್ಟುವುದೂ ಇಲ್ಲ. ಸ್ವಲ್ಪ ನೀರಿನೊಡನೆ ಮಿಕ್ಸಿಯಲ್ಲಿ ಎರಡು ಮೂರು ನಿಮಿಷ ತಿರುಗಿಸಿ, 50 ಮೈಕ್ರಾನ್ ಬಟ್ಟೆಯಲ್ಲಿ ಸೋಸಿ, ದಿನದ ಪಾಲನ್ನು ಹಲವು ಕಂತುಗಳಲ್ಲಿ ಹಾಕಿ. ತಳದಲ್ಲಿ ಗಸಿ ನಿಂತರೆ, ನೀರಿಗೆ ಹುಳಿ ವಾಸನೆ ಬಂದರೆ ಹೆಚ್ಚಾಗಿದೆ ಎಂದರ್ಥ.

ಕೊಬ್ಬಿನ ಎಮಲ್ಷನ್‌ನಂತೆ ಇದನ್ನು ಕೊನೆಯ ನಾಲ್ಕಾರು ಗಂಟೆಗಳಲ್ಲಿ ಹಾಕಿ ಮುಗಿಸಬೇಡಿ. ಆ ಹೊತ್ತಿನಲ್ಲಿ ತಿಂದದ್ದು ರೋಟಿಫರ್‌ನ ಕರುಳಲ್ಲೇ ಇರುತ್ತದೆ, ಮರಿ ತೊಟ್ಟಿಗೆ ಬಿದ್ದ ಮೇಲೆ ಬೇಗನೆ ಖಾಲಿಯಾಗುತ್ತದೆ. ಬೆಳೆಸುವ ತೊಟ್ಟಿಯಲ್ಲೇ, ದಿನನಿತ್ಯದ ಊಟದ ಭಾಗವಾಗಿ ಕೊಟ್ಟರೆ ಸೆಲೆನಿಯಂ ಮೈಗೂಡುತ್ತದೆ. ಕೆಲವು ದಿನ ಹೀಗೆ ಬೆಳೆಸಿ ಮತ್ತೆ ಮಾದರಿ ಕಳಿಸಿ. ಗುರಿ: ಒಣತೂಕದಲ್ಲಿ ಕಿಲೋಗೆ 1ರಿಂದ 2 ಮಿಲಿಗ್ರಾಂ. ಬೆಳೆದ ಮೀನಿನ ಅಗತ್ಯ ದಾಟಿತು, ಕೋಪೆಪಾಡ್ ಮಟ್ಟದ ಕೆಳಗೇ ಉಳಿಯಿತು. ವರದಿಯಲ್ಲಿ 3 ದಾಟಿ ಬಂದರೆ ಮಿಶ್ರಣ ಅರ್ಧಕ್ಕೆ ಇಳಿಸಿ. ಈ ಅವಧಿಯಲ್ಲಿ ದಿನವೂ ಒಂದು ಹನಿ ತೆಗೆದು ಮೊಟ್ಟೆ ಹೊತ್ತ ರೋಟಿಫರ್ ನೂರಕ್ಕೆ ಎಷ್ಟು ಎಂದು ಎಣಿಸಿ. ಅದು ಕುಸಿಯತೊಡಗಿದರೆ ಮಿಶ್ರಣ ನಿಲ್ಲಿಸಿ ಕಾರಣ ಹುಡುಕಿ.

ಅಯೋಡಿನ್: ನೀರು ನೋಡಿ ನಿರ್ಧರಿಸಿ

ಕಾಡ್ ಮರಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹ್ಯಾಚರಿಯವರೆಲ್ಲ ತಿಳಿದಿರಬೇಕಾದದ್ದು. ಮೂರು ಗುಂಪು. ಒಂದಕ್ಕೆ ಕಿಲೋಗೆ 0.6 ಮಿಲಿಗ್ರಾಂ ಅಯೋಡಿನ್ ಇರುವ ಮಾಮೂಲು ರೋಟಿಫರ್, ಇನ್ನೊಂದಕ್ಕೆ 26 ಮಿಲಿಗ್ರಾಂ, ಮೂರನೆಯದಕ್ಕೆ ಕೋಪೆಪಾಡ್‌ಗೆ ಸಮನಾಗಿ 129. ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 129 ತಿಂದ ಮರಿಗಳ ಥೈರಾಯ್ಡ್‌ನಲ್ಲಿ ಗಳಗಂಡದ ಲಕ್ಷಣ ಕಂಡಿತು, ಅದೂ ಅಯೋಡಿನ್ ಹೆಚ್ಚಾಗಿ ಬರುವ ಬಗೆಯದು. ವಿಚಿತ್ರವೆಂದರೆ ಆ ಮರಿಗಳ ಮೈಯಲ್ಲಿದ್ದ ಅಯೋಡಿನ್, ಕೋಪೆಪಾಡ್ ತಿಂದು ಆರೋಗ್ಯವಾಗಿರುವ ಮರಿಗಳಿಗಿಂತ ಕಡಿಮೆಯೇ ಇತ್ತು. ಅಂದರೆ ಖನಿಜ ಯಾವ ರೂಪದಲ್ಲಿ, ಯಾವುದರ ಜೊತೆ ಬರುತ್ತದೆ ಎಂಬುದು ಒಟ್ಟು ಪ್ರಮಾಣಕ್ಕಿಂತ ದೊಡ್ಡದು. ರೋಟಿಫರ್‌ನಲ್ಲಿ 3.5 ಮಿಲಿಗ್ರಾಂ ಸೂಕ್ತ ಎಂದು ಆ ಸಂಶೋಧಕರು ಲೆಕ್ಕ ಹಾಕಿದರು. ಕೋಪೆಪಾಡ್ ಅಂಕಿಯನ್ನು ಕುರುಡಾಗಿ ಅನುಸರಿಸಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಹಾಗಾದರೆ ಅಯೋಡಿನ್ ಯಾರಿಗೆ ಬೇಕು? ಸಮುದ್ರದ ನೀರಿನಲ್ಲಿ ಲೀಟರಿಗೆ 50-60 ಮೈಕ್ರೋಗ್ರಾಂ ಅಯೋಡಿನ್ ಇದೆ, ಮರಿ ಅದನ್ನೂ ಹೀರುತ್ತದೆ. ಹೊಸ ಸಮುದ್ರದ ನೀರು ದಿನವೂ ಹರಿದು ಬರುವ ತೊಟ್ಟಿಯಾದರೆ ಏನನ್ನೂ ಸೇರಿಸಬೇಡಿ. ಅದೇ ನೀರನ್ನು ಸೋಸಿ ತಿರುಗಿಸುವ ಆರ್‌ಎಎಸ್ ವ್ಯವಸ್ಥೆಯಲ್ಲಿ, ಅದರಲ್ಲೂ ಓಝೋನ್ ಬಳಸುವಲ್ಲಿ, ಮರಿ ಹೀರಬಲ್ಲ ಅಯೋಡೈಡ್ ಬೇರೆ ರೂಪಕ್ಕೆ ತಿರುಗುತ್ತದೆ. ಇಂಥ ವ್ಯವಸ್ಥೆಯಲ್ಲಿ ಬೆಳೆದ ಸೆನೆಗಲ್ ಸೋಲ್ ಮೀನಿನ ಮರಿಗಳಿಗೆ ಗಳಗಂಡ ಬಂದಿತ್ತು. ಅಯೋಡಿನ್ ತುಂಬಿದ ರೋಟಿಫರ್, ಆರ್ಟೀಮಿಯಾ ತಿಂದ ಮರಿಗಳಿಗೆ ಬರಲಿಲ್ಲ. ಆರ್‌ಎಎಸ್ ಇರುವವರು ರೋಟಿಫರ್ ಅಳೆಸಿ, 3ಕ್ಕಿಂತ ಕಡಿಮೆ ಇದ್ದರೆ ಮಾತ್ರ ಪೊಟ್ಯಾಸಿಯಂ ಅಯೋಡೈಡ್ ಬಳಸಿ. ಅದರ ತೂಕದಲ್ಲಿ ನೂರಕ್ಕೆ 76 ಪಾಲು ಅಯೋಡಿನ್. ಮೂರು ಬಕೆಟ್‌ಗಳಲ್ಲಿ ಮೂರು ಅಳತೆ ಹಾಕಿ, ಮೂರನ್ನೂ ಪ್ರಯೋಗಾಲಯದಲ್ಲಿ ಅಳೆಸಿ, 3.5ರ ಹತ್ತಿರ ಬಂದದ್ದನ್ನು ಆರಿಸಿಕೊಳ್ಳಿ. ಮರಿ ತೊಟ್ಟಿಗೆ ಆಮೇಲೆ ಹೋಗೋಣ.

ಮೊಟ್ಟೆ ತೊಳೆಯುವ ಪೊವಿಡೋನ್ ಅಯೋಡಿನ್ ಬಾಟಲಿಯನ್ನು ಯಾರೂ ರೋಟಿಫರ್ ತೊಟ್ಟಿಯ ಹತ್ತಿರ ತರಬಾರದು. ಅದು ಸೋಂಕುನಾಶಕ, ಪೋಷಣೆಗೆ ಬರುವ ವಸ್ತುವಲ್ಲ.

ಮ್ಯಾಂಗನೀಸ್, ಸತು, ತಾಮ್ರ

ಜಪಾನಿನಲ್ಲಿ ಕೆಂಪು ಸೀ ಬ್ರೀಮ್ ಮರಿಗಳಿಗೆ ಸತು, ಮ್ಯಾಂಗನೀಸ್ ತುಂಬಿದ ಆರ್ಟೀಮಿಯಾ ಕೊಟ್ಟಾಗ ಬೆಳವಣಿಗೆ ಸುಧಾರಿಸಿ ಬೆನ್ನುಮೂಳೆಯ ದೋಷ ತಗ್ಗಿತು. ವರದಿಯಲ್ಲಿ ಮ್ಯಾಂಗನೀಸ್ ಕಿಲೋಗೆ 10ಕ್ಕಿಂತ ಕೆಳಗಿದ್ದರೆ ಮ್ಯಾಂಗನೀಸ್ ಯೀಸ್ಟ್ ಅನ್ನು ಸೆಲೆನಿಯಂನಂತೆಯೇ ಮಿಶ್ರಣ ಮಾಡಿ ಕೊಡಬಹುದು. ಸತು 60ರ ಮೇಲಿದ್ದರೆ ಬಿಡಿ. ಸತು ಅತಿಯಾದರೆ ತಾಮ್ರದ ಹೀರಿಕೆ ಕೆಡುತ್ತದೆ. ತಾಮ್ರವನ್ನಂತೂ ಸೇರಿಸಲೇಬೇಡಿ. ನೀರಿಗೆ ಸೋರಿದ ಅಲ್ಪ ತಾಮ್ರವೂ ಮರಿಯನ್ನು ಕೊಲ್ಲಬಲ್ಲದು. ಇದೇ ಸಂದರ್ಭದಲ್ಲಿ ನಿಮ್ಮ ಪೈಪ್‌ಲೈನ್ ನೋಡಿ: ಎಲ್ಲಾದರೂ ಹಿತ್ತಾಳೆಯ ವಾಲ್ವ್, ಜಿಐ ಪೈಪಿನ ತುಂಡು ಉಳಿದಿದ್ದರೆ ಕಿತ್ತು ಪಿವಿಸಿ ಹಾಕಿ.

ಆರ್ಟೀಮಿಯಾದ ವಿಷಯ

ಆಗ ತಾನೇ ಒಡೆದು ಬಂದ ಆರ್ಟೀಮಿಯಾಗೆ ಬಾಯಿ ತೆರೆದಿರುವುದಿಲ್ಲ. 28 ಡಿಗ್ರಿಯಲ್ಲಿ ಸುಮಾರು 8 ಗಂಟೆ ಕಳೆದು ಪೊರೆ ಕಳಚಿದ ಮೇಲೇ ತಿನ್ನತೊಡಗುತ್ತದೆ. ಅದಕ್ಕೂ ಮೊದಲು ಯೀಸ್ಟ್, ಎಮಲ್ಷನ್ ಏನು ಹಾಕಿದರೂ ನೀರು ಕೆಡುವುದಷ್ಟೇ ಲಾಭ. ಖನಿಜದ ಪ್ರಮಾಣ ಸಿಸ್ಟ್, ಅಂದರೆ ಒಣಗಿಸಿ ಡಬ್ಬಿಯಲ್ಲಿ ಮಾರುವ ಆರ್ಟೀಮಿಯಾ ಮೊಟ್ಟೆ, ಯಾವ ಸರೋವರದಿಂದ ಬಂತು ಎಂಬುದರ ಮೇಲೆ ನಿಂತಿದೆ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ಗೆ ಸೆಲೆನಿಯಂ ಸೇರುವುದು ಎಷ್ಟು ಚಿಂತೆಯ ವಿಷಯವೆಂದರೆ, ಅಲ್ಲಿನ ಹಕ್ಕಿಗಳ ಮೊಟ್ಟೆಯಲ್ಲಿ ಅದು ಎಷ್ಟಿರಬಹುದು ಎಂದು ಯೂಟಾ ರಾಜ್ಯ ಮಿತಿ ಹಾಕಿದೆ. ಡಬ್ಬಿಯ ಸಿಸ್ಟ್ ಅಲ್ಲಿನದಾದರೆ ಅಳೆಸದೆ ಸೆಲೆನಿಯಂ ಯೀಸ್ಟ್ ಮುಟ್ಟಿಸಬೇಡಿ. ರೋಟಿಫರ್ ಹಂತಕ್ಕೇ ಅದನ್ನು ಸೀಮಿತಗೊಳಿಸಿ.

ಫಲ ಸಿಕ್ಕಿತೇ ಎಂದು ನೋಡುವ ಬಗೆ

ಒಂದೇ ತೊಟ್ಟಿಯಲ್ಲಿ ಬದಲಾವಣೆ ಮಾಡಿ ‘ಈ ಸಲ ಚೆನ್ನಾಗಿ ಬಂತು’ ಎನ್ನುವುದರಿಂದ ಏನೂ ತಿಳಿಯದು. ಒಂದೇ ದಿನದ ಮೊಟ್ಟೆಯಿಂದ ಬಂದ ಮರಿಗಳನ್ನು ಆರು ತೊಟ್ಟಿಗಳಿಗೆ ಸಮನಾಗಿ ಹಂಚಿ; ಮೂರಕ್ಕೆ ಹಳೆಯ ರೋಟಿಫರ್, ಮೂರಕ್ಕೆ ಸೆಲೆನಿಯಂ ತಿಂದ ರೋಟಿಫರ್. ಯಾವ ತೊಟ್ಟಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಹಾಕಿ, ಇಲ್ಲದಿದ್ದರೆ ಬಾಗಿಲ ಬಳಿಯ ತೊಟ್ಟಿ, ಬೆಳಕಿನ ತೊಟ್ಟಿ ಎಂಬ ಭೇದ ಲೆಕ್ಕಕ್ಕೆ ನುಸುಳುತ್ತದೆ. ಉಳಿದದ್ದೆಲ್ಲ ಒಂದೇ ಇರಲಿ: ಎಮಲ್ಷನ್, ಹಸಿರು ನೀರು (ತೊಟ್ಟಿಗೆ ಬೆರೆಸುವ ಪಾಚಿ ನೀರು), ಮಿಲಿಲೀಟರಿಗೆ ರೋಟಿಫರ್ ಎಷ್ಟು ಎಂಬುದು. ಒಂದು ಸಲಕ್ಕೆ ಒಂದೇ ಖನಿಜ ಬದಲಿಸಿ.

ಪುಡಿ ಆಹಾರಕ್ಕೆ ಬದಲಾದ ಮೇಲೆ ಉಳಿದ ಮರಿಗಳನ್ನು ಎಣಿಸಿ, ಉದ್ದ ಅಳೆಯಿರಿ. ಪ್ರತಿ ತೊಟ್ಟಿಯಿಂದ ಐವತ್ತಾದರೂ ಮರಿ ತೆಗೆದು ಅಲಿಝರಿನ್ ಕೆಂಪಿನಲ್ಲಿ ಮೂಳೆ ಬಣ್ಣ ಕಟ್ಟಿಸಿ. ಮೀನುಗಾರಿಕಾ ಕಾಲೇಜಿನ ಪ್ರಯೋಗಾಲಯದವರಿಗೆ ಇದು ಪರಿಚಿತ ಕೆಲಸ. ಮಾಂಸ ತಿಳಿಯಾಗಿ, ಒಳಗಿನ ಕಶೇರುಗಳು ಒಂದೊಂದೂ ಕೆಂಪಗೆ ಎದ್ದು ಕಾಣುತ್ತವೆ. ಎರಡು ಕಶೇರು ಬೆಸೆದಿವೆಯೇ, ದವಡೆ ಗಿಡ್ಡವಾಗಿದೆಯೇ, ಕಿವಿರಿನ ಮುಚ್ಚಳ ಮಡಚಿದೆಯೇ ಎಂದು ಎಣಿಸಬಹುದು. ಬಣ್ಣ ಕಟ್ಟಿಸುವ ಮೊದಲೇ ಅವೇ ಮರಿಗಳ ಗಾಳಿಚೀಲವನ್ನೂ ಬರೆದಿಟ್ಟಿರಬೇಕು.

ಪುಡಿ ಆಹಾರದಲ್ಲಿ ಖನಿಜದ ಪ್ರೀಮಿಕ್ಸ್, ಅಂದರೆ ಮೊದಲೇ ಬೆರೆಸಿದ ಮಿಶ್ರಣ, ಇದ್ದೇ ಇರುತ್ತದೆ. ಆದ್ದರಿಂದ ಬದಲಾವಣೆಯ ದಿನಗಳಲ್ಲಿ ರೋಟಿಫರ್ ಪ್ರಮಾಣ ಇಳಿದಂತೆ ಸೆಲೆನಿಯಂ ಮಿಶ್ರಣವನ್ನೂ ಇಳಿಸುತ್ತಾ ಬನ್ನಿ. ಹೊಸ ಕಂಪನಿಯ ಯೀಸ್ಟ್ ತಂದಾಗ, ಪಾಚಿಯ ಮಾಧ್ಯಮ ಬದಲಿಸಿದಾಗ, ಮಳೆಗಾಲದಲ್ಲಿ ಅಳಿವೆಯ ನೀರಿನ ಉಪ್ಪಿನಂಶ ಇಳಿದಾಗ ಹಳೆಯ ವರದಿ ನಂಬದೆ ರೋಟಿಫರ್ ಅನ್ನು ಮತ್ತೊಮ್ಮೆ ಅಳೆಸಿ.

ಕೋಪೆಪಾಡ್ ಅನ್ನೇ ಬೆಳೆಸಬಾರದೇ ಎಂದು ಹಲವರು ಕೇಳುತ್ತಾರೆ. ಬೆಳೆಸಬಹುದು, ಕೇರಳದ ವಿಳಿಂಜಂನಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐ ಕೇಂದ್ರ ಈ ಕೆಲಸ ಮಾಡುತ್ತಿದೆ. ಕೋಪೆಪಾಡ್ ರೋಟಿಫರ್‌ನಷ್ಟು ದಟ್ಟವಾಗಿ ಬೆಳೆಯದು, ಜೀವಂತ ಪಾಚಿಯೇ ಬೇಕು. ಸೀ ಬಾಸ್‌ನ ಇಡೀ ಊಟ ಅದರಿಂದ ನಡೆಸುವುದು ಸಣ್ಣ ಹ್ಯಾಚರಿಗೆ ಕಷ್ಟ. ಮೊದಲ ಕೆಲವು ದಿನ ರೋಟಿಫರ್ ಜೊತೆ ಒಂದಿಷ್ಟು ಕೋಪೆಪಾಡ್ ಮರಿ ಸೇರಿಸಲು ಸಾಧ್ಯವಾದರೆ ಖಂಡಿತ ಸೇರಿಸಿ. ಅಳಿವೆಯಿಂದ ಬಲೆಯಲ್ಲಿ ಹಿಡಿದು ತಂದದ್ದನ್ನು ಮಾತ್ರ ನೇರ ಮರಿ ತೊಟ್ಟಿಗೆ ಸುರಿಯಬೇಡಿ. ಪರಾವಲಂಬಿ, ವೈರಸ್ ಎರಡೂ ಅದರೊಡನೆ ಒಳಗೆ ಬರುತ್ತವೆ.